‘ಅರಿ’ ಶಬ್ದದ ಅರ್ಥವಿವೇಕ

ವಚನಗಳಲ್ಲಿ ‘ಅರಿವು’ ಸಾಧಕನ ಬೆಳಕು. ‘ಅರಿಷಡ್ವರ್ಗ’ವು ಅವನ ಒಳಹಗೆ. ಧ್ವನಿ ಒಂದೇ ಎಂದು ಇವೆರಡಕ್ಕೂ ಒಂದೇ ಮೂಲವನ್ನು ಕಲ್ಪಿಸುವುದು ಯುಕ್ತವಲ್ಲ. ಶತ್ರುವಾಚಕವಾದ ‘ಅರಿ’ ಸಂಸ್ಕೃತದ್ದು. ತಿಳಿವನ್ನು ಹೇಳುವುದು ಅಚ್ಚಗನ್ನಡದ ಧಾತು. ತಮಿಳಿನಲ್ಲಿಯೂ ಅದರ ಸೋದರರೂಪವುಂಟು. ಹಳಗನ್ನಡದಲ್ಲಿ ಅದು ಶಕಟರೇಫದಿಂದ ಕೂಡಿ ‘ಅಱಿ’ ಎಂದಿತ್ತು. ಕತ್ತರಿಸು ಎಂಬರ್ಥದ ಕನ್ನಡದ ‘ಅರಿ’ಗೆ ಸಾಮಾನ್ಯ ರೇಫವೇ. ಕೇಶಿರಾಜನು ದೇಶೀಯಾಕ್ಷರಗಳಲ್ಲಿ ಎಣಿಸಿದ ಱಕಾರವು ಬಳಕೆಯಿಂದ ಜಾರಿದ ಮೇಲೆ ಮೂರೂ ಬರಹದಲ್ಲಿ ಒಂದಾದವು. ಜಪಾನೀ ನುಡಿಯಲ್ಲಿ ‘ಅರಿ’ ಎಂದರೆ ಇರುವೆ. ಧ್ವನಿಸಾಮ್ಯವು ಬಾಂಧವ್ಯಕ್ಕೆ ಸಾಕ್ಷಿಯಲ್ಲ. ಅರಿಯನ್ನು ಅರಿದವನೇ ಅರಿತವನೆಂಬ ವಿವರಣೆ ಶ್ಲೇಷವಾಗಿ ಸೊಗಸು, ವ್ಯುತ್ಪತ್ತಿಯಾಗಿ ಅಸಾಧು. ಅದನ್ನು ವ್ಯುತ್ಪತ್ತಿಯೆಂದು ನಂಬಿದರೆ ಶರಣರ ಅರಿವು ಬರಿಯ ಶತ್ರುಜಯಕ್ಕೆ ಇಳಿಯುತ್ತದೆ. ಆದುದರಿಂದ ವಚನಕ್ಕೆ ಅರ್ಥ ಹೇಳುವವರು ಮೊದಲು ಶಬ್ದದ ಮೂಲವನ್ನು ವಿಚಾರಿಸುವುದು ಅವಶ್ಯ.