ಹಿಡಿಯ ಮೇಲೆ ಯಾವ ಗಾಜು?

ಅಮೆರಿಕದ ಬಂದೂಕುಪ್ರಿಯರಲ್ಲಿ ಹಳೆಯ ಎಂ16ರ ರೂಪಕ್ಕೆ ಮತ್ತೆ ಬೇಡಿಕೆ ಬಂದಿದೆ. ವಿಯೆಟ್ನಾಂ ಯುದ್ಧಕಾಲದ ಮಾದರಿಗಳನ್ನು ಬ್ರೌನೆಲ್ಸ್ ಕಂಪನಿ 2018ರಲ್ಲಿ ಹೊಸದಾಗಿ ತಯಾರಿಸಿ ಮಾರಾಟಕ್ಕಿಟ್ಟಿತು. ಹಳೆಯ ಬಿಡಿಭಾಗ ಹುಡುಕಿ ಜೋಡಿಸುವ ಸಂಗ್ರಾಹಕರ ಹವ್ಯಾಸ ಅಂಗಡಿಯ ಸರಕಾಯಿತು. ಈ ರೈಫಲ್ಲುಗಳನ್ನು ದೂರದಿಂದಲೇ ಗುರುತಿಸಬಹುದು, ಬೆನ್ನಿನ ಮೇಲೆ ಎದ್ದು ನಿಂತ ಕ್ಯಾರಿ ಹ್ಯಾಂಡಲ್‌ನಿಂದ. ಅದರ ಮೇಲೆ ಸ್ಕೋಪ್ ಕೂರಿಸಬೇಕೆನ್ನುವವರು ಸಾಮಾನ್ಯವಾಗಿ ಎರಡು ವಿಷಯ ನೋಡುತ್ತಾರೆ: ಸಾಧನ ಆ ಕಾಲದ್ದು ಹೌದೇ, ಗಾಜು ಎಷ್ಟು ಒಳ್ಳೆಯದು. ಎರಡೂ ನ್ಯಾಯವಾದ ಪ್ರಶ್ನೆಗಳೇ, ಆದರೆ ಮೊದಲು ಕೇಳಬೇಕಾದವಲ್ಲ. ಮೊದಲು ನೋಡಬೇಕಾದದ್ದು ಎತ್ತರ. ಕೆನ್ನೆ ನೆಲೆ ತಪ್ಪುವಷ್ಟು ಎತ್ತರದಲ್ಲಿ ಯಾವ ಸಾಧನ ಕಣ್ಣಿನ ಮೇಲೆ ಕಡಿಮೆ ಷರತ್ತು ಹಾಕುತ್ತದೋ ಅದೇ ಸರಿಯಾದದ್ದು. ಆ ಅಳತೆಗೋಲಿನಲ್ಲಿ ಗೆಲ್ಲುವುದು ದೂರವನ್ನು ಹತ್ತಿರ ತರುವ ಸ್ಕೋಪ್ ಅಲ್ಲ, ಏನನ್ನೂ ಹಿಗ್ಗಿಸದೆ ಕೆಂಪು ಚುಕ್ಕಿಯನ್ನಷ್ಟೇ ತೋರಿಸುವ ರೆಡ್ ಡಾಟ್.

ಈ ಎತ್ತರ ಎಲ್ಲಿಂದ ಬಂತೆಂದು ತಿಳಿಯದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ವಿನ್ಯಾಸಕ ಯೂಜಿನ್ ಸ್ಟೋನರ್ ಆರ್ಮಲೈಟ್‌ನಲ್ಲಿ ಎಂ16ರ ಪೂರ್ವಜವಾದ ಎಆರ್-10 ರೂಪಿಸುವಾಗ ಭುಜಕ್ಕೊತ್ತುವ ಬಟ್ಟನ್ನು ನಳಿಗೆಯ ನೇರಕ್ಕೇ ತಂದರು. ಗುಂಡು ಹಾರಿದಾಗ ಒದೆತ ನೇರವಾಗಿ ಭುಜಕ್ಕೆ ಹೋಗುತ್ತದೆ, ನಳಿಗೆಯ ತುದಿ ಮೇಲಕ್ಕೆ ಜಿಗಿಯುವುದು ಕಡಿಮೆ. ಆದರೆ ಬಟ್ ಮೇಲೇರಿದ ಮೇಲೆ ಅದಕ್ಕೆ ಒತ್ತಿದ ಕೆನ್ನೆಯೂ ಕಣ್ಣೂ ಮೇಲೇರಿದವು, ಗುರಿನೋಟವೂ ಏರಲೇಬೇಕಾಯಿತು. ಹ್ಯಾಂಡಲ್ ಆ ಕೆಲಸಕ್ಕೆ ಒದಗಿತು. ಮೊದಲ ಮಾದರಿಗಳಲ್ಲಿ ಬಂದೂಕನ್ನು ಕಾಕ್ ಮಾಡುವ ಲಿವರ್ ಕೂಡ ಅದರ ಕೆಳಗೇ ಇತ್ತು. ಲಿವರ್ ಹಿಂದಕ್ಕೆ ಹೋದ ಮೇಲೂ ಹ್ಯಾಂಡಲ್ ಉಳಿಯಿತು. ಅದರ ಹಿಂತುದಿಯಲ್ಲಿ ರಂಧ್ರದ ಗುರಿನೋಟವಿದೆ, ನಳಿಗೆಯ ಮಧ್ಯದಿಂದ ಸುಮಾರು ಎರಡೂವರೆ ಇಂಚು ಮೇಲೆ. ಕೆನ್ನೆಗೆ ಇದು ಹೇಳಿ ಮಾಡಿಸಿದ ಎತ್ತರ. ಹ್ಯಾಂಡಲ್ ಮೇಲೆ ಸ್ಕೋಪ್ ಕೂತರೆ ದೃಷ್ಟಿರೇಖೆ ಮೂರೂವರೆ ಇಂಚು ದಾಟುತ್ತದೆ. ಕೆನ್ನೆ ಬಟ್ ಬಿಟ್ಟೇಳುತ್ತದೆ, ಗಲ್ಲವಷ್ಟೇ ತಾಗಿರುತ್ತದೆ. ಇದರಿಂದ ಎರಡು ತೊಂದರೆ. ಹತ್ತಿರದ ಗುರಿಯಲ್ಲಿ ಗುಂಡು ನೋಟಕ್ಕಿಂತ ಅಷ್ಟೇ ಇಂಚು ಕೆಳಗೆ ಬೀಳುತ್ತದೆ. ಎಂ16ಎ1ರ ಮೂಲ ಗುರಿನೋಟವನ್ನು 250 ಮೀಟರಿಗೆ ಹೊಂದಿಸಿದಾಗ ಗುಂಡು ಸುಮಾರು 42 ಮೀಟರಿನಲ್ಲಿ ದೃಷ್ಟಿರೇಖೆಯನ್ನು ಮೊದಲ ಸಲ ದಾಟುತ್ತದೆ, ಎತ್ತರ ಹೆಚ್ಚಿದಷ್ಟೂ ಆ ಬಿಂದು ದೂರ ಸರಿಯುತ್ತದೆ. ಇದನ್ನು ಅಭ್ಯಾಸದಿಂದ ಕಲಿಯಬಹುದು. ಎರಡನೆಯದನ್ನು, ಆಸರೆಯಿಲ್ಲದ ತಲೆ ಪ್ರತಿ ಸಲವೂ ಬೇರೆ ಜಾಗದಲ್ಲಿ ನಿಲ್ಲುವುದನ್ನು, ಅಭ್ಯಾಸ ಪೂರ್ತಿ ತಿದ್ದಲಾರದು.

ಕಾಲನಿಷ್ಠರ ಮೊದಲ ಆಯ್ಕೆ ಎಂ16 ತಯಾರಿಸುತ್ತಿದ್ದ ಕೋಲ್ಟ್‌ನ 3x20 ಸ್ಕೋಪ್. ಅದರ ಪಾದ ಹ್ಯಾಂಡಲ್‌ನ ಕಾಲುವೆಯೊಳಗೆ ಕೂರುತ್ತದೆ, ಹ್ಯಾಂಡಲ್‌ನಲ್ಲಿರುವ ತೂತಿನ ಮೂಲಕ ತಿರುಪು ಬಿಗಿಯಾಗುತ್ತದೆ. ಮೇಲಿನ ಗುಂಡಿಯ ಮೇಲೆ ನೂರು ನೂರಾಗಿ ದೂರದ ಅಂಕಿ. ಚಿಕ್ಕದು, ಹಗುರ, ಮೂರು ಕಿಲೋಗೂ ಕಡಿಮೆ ತೂಗುವ ರೈಫಲ್ಲಿನ ಅಂದವನ್ನು ಒಂದಿಷ್ಟೂ ಕೆಡಿಸುವುದಿಲ್ಲ. ಸಂಗ್ರಾಹಕನಿಗೆ ಇದಕ್ಕಿಂತ ಒಪ್ಪುವ ವಸ್ತು ಇಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಇಪ್ಪತ್ತು ಮಿಲಿಮೀಟರ್ ಗಾಜು ಮೂರು ಪಟ್ಟು ಹಿಗ್ಗಿಸಿ ಕಣ್ಣಿಗೆ ಕಳಿಸುವ ಬೆಳಕಿನ ಕಂಬದ ಅಗಲ ಏಳು ಮಿಲಿಮೀಟರೂ ಇಲ್ಲ. ಗಲ್ಲ ಊರಿ ನೋಡುವವನ ತಲೆ ತುಸು ಅಲುಗಿದರೂ ಅಂಚಿನಿಂದ ಕಪ್ಪು ನೆರಳು ನುಗ್ಗುತ್ತದೆ. ಅದೇ ಅಳತೆಯ ನಾಲ್ಕು ಪಟ್ಟಿನದರಲ್ಲಿ ಕಂಬ ಐದೇ ಮಿಲಿಮೀಟರಿಗೆ ಇಳಿಯುತ್ತದೆ. ಅಂದರೆ ತಲೆ ಸ್ಥಿರವಾಗಿರಲೇಬೇಕೆನ್ನುವ ಸಾಧನವನ್ನು ತಲೆ ಸ್ಥಿರವಾಗಿ ನಿಲ್ಲದ ಜಾಗದಲ್ಲಿ ಕೂರಿಸಿದ ಹಾಗಾಯಿತು.

ಟ್ರೈಜಿಕಾನ್ ಕಂಪನಿ 1987ರಲ್ಲಿ ತಂದ ಎಕಾಗ್ ಸ್ಕೋಪ್ ಈ ಸಾಲಿನಲ್ಲಿ ಅತ್ಯಂತ ಜಾಣತನದ ಕೃತಿ. ಅದನ್ನು ನೇರವಾಗಿ ಹ್ಯಾಂಡಲ್‌ಗೇ ಬಿಗಿಯಬಹುದು. ಬುಡದಲ್ಲಿ ಬಿಟ್ಟಿರುವ ಸುರಂಗದ ಮೂಲಕ ಮೂಲ ಗುರಿನೋಟ ಹಾಗೇ ಕಾಣುತ್ತದೆ. ರಾತ್ರಿ ಬೆಳಗಲು ಬ್ಯಾಟರಿ ಬೇಡ, ಟ್ರಿಟಿಯಂ ಇದೆ. 4x32 ಆದ್ದರಿಂದ ಬೆಳಕಿನ ಕಂಬ ಎಂಟು ಮಿಲಿಮೀಟರ್, ಕೋಲ್ಟ್‌ಗಿಂತ ಉದಾರ. ಆದರೆ ಕಣ್ಣು ಗಾಜಿನಿಂದ ಒಂದೂವರೆ ಇಂಚಿನಲ್ಲೇ ಇರಬೇಕು. ಕತ್ತು ಮುಂದೆ ಚಾಚಿ, ಗಲ್ಲ ಎತ್ತಿ ಆ ಅಂತರ ಕಾಯುವುದು ಬೆಂಚಿನ ಮೇಲೆ ಆದೀತು, ನಿಂತು ಹೊಡೆಯುವಾಗ ಕುತ್ತಿಗೆ ಬೇಗ ಸೋಲುತ್ತದೆ.

ಇನ್ನೊಂದು ದಾರಿಗೆ, ಅಂದರೆ ಚುಕ್ಕಿಗೆ, ಸಾಕ್ಷಿ ವಿಯೆಟ್ನಾಂ ಕಾಲದಲ್ಲೇ ಇದೆ. 1970ರ ನವೆಂಬರಿನಲ್ಲಿ ಉತ್ತರ ವಿಯೆಟ್ನಾಂನ ಸಾನ್ ಟೇ ಸೆರೆಶಿಬಿರದ ಮೇಲೆ ದಾಳಿ ಮಾಡಿದ ಅಮೆರಿಕದ ಪಡೆ ತರಬೇತಿಯಲ್ಲಿ ಕತ್ತಲ ಗುರಿಗಳನ್ನು ತಪ್ಪುತ್ತಿತ್ತು. ಕೊನೆಗೆ ಅವರು ಪೇಟೆಯಿಂದ ಸಿಂಗಲ್‌ಪಾಯಿಂಟ್ ಎಂಬ ಸಾಧನ ತರಿಸಿ, ಕಾರ್ಬೈನಿನ ಹ್ಯಾಂಡಲ್‌ಗೆ ವೈರಿಂಗ್ ಟೇಪ್ ಸುತ್ತಿ ಕಟ್ಟಿಕೊಂಡರು. ಅದರ ಮೂಲಕ ಏನೂ ಕಾಣುವುದಿಲ್ಲ: ಒಂದು ಕಣ್ಣಿಗೆ ಕೆಂಪು ಚುಕ್ಕಿ, ಇನ್ನೊಂದಕ್ಕೆ ಗುರಿ, ಎರಡನ್ನೂ ಮಿದುಳೇ ಸೇರಿಸುತ್ತದೆ. ಗುರಿ ಕೂಡಲಾರಂಭಿಸಿತು.  ಸ್ವೀಡನ್ನಿನ ಏಮ್‌ಪಾಯಿಂಟ್ 1975ರಲ್ಲಿ ತಂದ ಎಲೆಕ್ಟ್ರಾನಿಕ್ ಚುಕ್ಕಿ ಈ ದಾರಿಯನ್ನು ಹಸನಾಗಿಸಿತು. 1993ರಲ್ಲಿ ಸೊಮಾಲಿಯಾದ ಮೊಗದಿಶು ಕಾಳಗದಲ್ಲಿ ಅಮೆರಿಕದ ಡೆಲ್ಟಾ ಪಡೆಯವರ ಕ್ಯಾರಿ ಹ್ಯಾಂಡಲ್ ಕಾರ್ಬೈನುಗಳ ಮೇಲೆ ಇದ್ದದ್ದು ಅದೇ ಕಂಪನಿಯ ಚುಕ್ಕಿ. ಆದ್ದರಿಂದ ಚುಕ್ಕಿ ಕಾಲಕ್ಕೆ ಹೊಂದದು ಎಂಬ ಆಕ್ಷೇಪಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹ್ಯಾಂಡಲ್ ಬದಲು ಚಪ್ಪಟೆ ರೈಲ್ ಇರುವ ಇಂದಿನ ರೈಫಲ್ಲುಗಳ ಮೇಲೆ 2.26 ಇಂಚಿನ ಎತ್ತರದ ಮೌಂಟುಗಳನ್ನು ಬೇಕೆಂದೇ ಹಾಕಿಕೊಳ್ಳುತ್ತಾರೆ, ನಳಿಗೆಯಿಂದ ಲೆಕ್ಕ ಹಾಕಿದರೆ ಅದೂ ಮೂರೂವರೆ ಇಂಚಿನ ಹತ್ತಿರವೇ. ಹಾಗಿದ್ದರೆ ಎತ್ತರ ದೋಷ ಹೇಗಾಯಿತು? ನಿಜ, ತಲೆ ನೆಟ್ಟಗಿಟ್ಟು ನೋಡುವುದು, ಅದರಲ್ಲೂ ರಾತ್ರಿದೃಷ್ಟಿ ಕನ್ನಡಕ ತೊಟ್ಟವರಿಗೆ, ಸುಲಭ. ಆದರೆ ಅಷ್ಟೆತ್ತರದಲ್ಲಿ ಅವರು ಹೆಚ್ಚಾಗಿ ಕೂರಿಸುವುದು ಚುಕ್ಕಿಯನ್ನೇ, ಏಕೆಂದರೆ ಕಣ್ಣು ಎಷ್ಟು ಹಿಂದಿದ್ದರೂ, ತುಸು ಓರೆಯಾಗಿದ್ದರೂ ಚುಕ್ಕಿ ಕಾಣುತ್ತದೆ. ಎತ್ತರವನ್ನು ಸಹಿಸುವುದು ಚುಕ್ಕಿಯ ಗುಣ, ಸ್ಕೋಪಿನದ್ದಲ್ಲ. ಹಾಗಾದರೆ ಗಾಜೇ ಬೇಡ, ಮೂಲ ಗುರಿನೋಟ ಸಾಕು ಎನ್ನುವವರ ಮಾತಿಗೆ ನನ್ನ ಗೌರವವಿದೆ. ಆದರೆ ನಲವತ್ತು ದಾಟಿದ ಅನೇಕರಿಗೆ ಮುಂದಿನ ಗುರಿಕಡ್ಡಿ ಮಸುಕಾಗುತ್ತದೆ, ದೂರದ ಗುರಿಯ ಮೇಲೇ ನೆಟ್ಟ ಕಣ್ಣಿಗೆ ಚುಕ್ಕಿ ಸ್ಪಷ್ಟವಾಗಿರುತ್ತದೆ.

ಚುಕ್ಕಿಯಲ್ಲೂ ಹ್ಯಾಂಡಲ್‌ನ ನೆತ್ತಿಗಿಂತ ಅದರ ಮುಂದಿನ ಜಾಗ ಮೇಲು. ಗೂಸ್‌ನೆಕ್ ಎಂಬ ಬಾಗಿದ ಮೌಂಟ್ ಹ್ಯಾಂಡಲ್‌ನಿಂದ ಮುಂದಕ್ಕೆ ಚಾಚಿ ಕೆಳಗಿಳಿಯುತ್ತದೆ; ಚುಕ್ಕಿ ಮೂಲ ಗುರಿನೋಟದ ಎತ್ತರಕ್ಕೇ ಬರುತ್ತದೆ, ಕೆನ್ನೆ ಸ್ಟೋನರ್ ಇಟ್ಟ ಜಾಗಕ್ಕೆ ಮರಳುತ್ತದೆ, ಬ್ಯಾಟರಿ ಸತ್ತರೆ ಅದೇ ಕೊಳವೆಯೊಳಗಿಂದ ಗುರಿಕಡ್ಡಿ ಕಾಣುತ್ತದೆ. ಉದ್ದ ತೋಳಿನ ತುದಿಗೆ ಭಾರ ಬೀಳುವುದರಿಂದ ತಿರುಪು ಸಡಿಲಾಗುವ ಭಯವಿದೆ. ಅಗ್ಗದ ಮೌಂಟ್ ಕೊಳ್ಳುವುದಕ್ಕಿಂತ ಗಾಜಿನಲ್ಲಿ ತುಸು ಉಳಿಸಿ ಮೌಂಟಿಗೆ ಖರ್ಚು ಮಾಡುವುದು ಒಳ್ಳೆಯದು. ಮುನ್ನೂರು ಮೀಟರಿನ ಕಾಗದಕ್ಕೆ ಬೆಂಚಿನ ಮೇಲಿಂದಷ್ಟೇ ಹೊಡೆಯುವವರು ಕೋಲ್ಟ್ 3x20 ಹಾಕಿಕೊಳ್ಳಲಿ, ಆದರೆ ಕೆನ್ನೆಗೆ ಆಸರೆಯಾಗಲು ಬಟ್ಟಿನ ಮೇಲೊಂದು ದಿಂಬನ್ನೂ ಕಟ್ಟಿಕೊಳ್ಳಬೇಕು.