ಕಲ್ಯಾಣಕಾರಕದಲ್ಲಿ ಜಿಗಣೆ: ಚಿಕಿತ್ಸೋಪಕರಣಗಳೂ ಅಹಿಂಸೆಯ ಮೇರೆಯೂ

ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಶ್ರೀ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಅಂದಿನಿಂದ ಈ ಗ್ರಂಥದ ಬಗೆಗೆ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಇದು ಸರ್ವಥಾ ಹಿಂಸಾರಹಿತವಾದ ವೈದ್ಯಗ್ರಂಥವೆಂಬುದು ನಮ್ಮವರ ಪ್ರಶಂಸೆ. ಇದು ಸುಶ್ರುತಾದಿಗಳ ಸಂಗ್ರಹವೆಂಬುದು ಇತರರ ಆಕ್ಷೇಪ. ಈ ಎರಡು ಅಭಿಪ್ರಾಯಗಳೂ ಗ್ರಂಥದ ಔಷಧ ಭಾಗವನ್ನು ನೋಡಿ ಹೇಳಿದವುಗಳೇ ಹೊರತು ಉಪಕರಣ ಭಾಗವನ್ನು ಪರಿಶೀಲಿಸಿ ಹೇಳಿದವುಗಳಲ್ಲ. ವೈದ್ಯನು ಕೈಯಲ್ಲಿ ಏನನ್ನು ಹಿಡಿದನು, ರೋಗಿಯ ಮೈಮೇಲೆ ಏನನ್ನು ಇಟ್ಟನು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ನೆನೆಯೋಣ. ಇದರಲ್ಲಿ 25 ಪರಿಚ್ಛೇದಗಳೂ ಅವುಗಳ ಬಳಿಕ ಪರಿಶಿಷ್ಟರೂಪದಲ್ಲಿ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯಗಳೂ ಇವೆ. ಗ್ರಂಥಕರ್ತರು ಶ್ರೀನಂದಿಗಳನ್ನು ಗುರುವೆಂದು ಸ್ಮರಿಸುತ್ತಾರೆ. ರಾಮಗಿರಿಯಲ್ಲಿ ಗ್ರಂಥವನ್ನು ರಚಿಸಿದುದಾಗಿ ಹೇಳಿಕೊಳ್ಳುತ್ತಾರೆ. ಹಿತಾಹಿತಾಧ್ಯಾಯವು ನೃಪತುಂಗನ ಸಭೆಯಲ್ಲಿ ಮಾಂಸೌಷಧವನ್ನು ನಿರಾಕರಿಸಿ ಮಾಡಿದ ವಾದವೆಂಬುದು ಪ್ರಸಿದ್ಧವೇ ಆಗಿದೆ. ತಮಗಿಂತ ಹಿಂದಿನ ಆಚಾರ್ಯರಲ್ಲಿ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ಉಗ್ರಾದಿತ್ಯರು ಹೆಸರಿಸುತ್ತಾರೆ. ಶಾಲಾಕ್ಯವೆಂದರೆ ಶಲಾಕೆಯಿಂದ, ಅಂದರೆ ಕಡ್ಡಿಯಂತಹ ಉಪಕರಣದಿಂದ, ಹೆಸರು ಪಡೆದ ಶಾಸ್ತ್ರ. ಕಣ್ಣು, ಕಿವಿ, ಮೂಗು ಮೊದಲಾದ ಊರ್ಧ್ವಾಂಗಗಳ ಚಿಕಿತ್ಸೆ ಅದರ ವಿಷಯ. ಜೈನ ವೈದ್ಯಪರಂಪರೆಯು ಬರಿಯ ಬೇರು, ಚೂರ್ಣ, ಕಷಾಯಗಳದಾಗಿರದೆ ಶಸ್ತ್ರ, ಶಲಾಕೆಗಳನ್ನೂ ಬಲ್ಲದ್ದಾಗಿತ್ತೆಂಬುದು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ.

ಈಗ ಉಪಕರಣಗಳ ಸಾಮಾನ್ಯ ಪರಂಪರೆಯನ್ನು ನೋಡಬೇಕು. ಸುಶ್ರುತಸಂಹಿತೆಯು ಯಂತ್ರಗಳನ್ನು 101 ಎಂದು ಎಣಿಸುತ್ತದೆ: ಸ್ವಸ್ತಿಕ 24, ಸಂದಂಶ 2, ತಾಲ 2, ನಾಡಿ 20, ಶಲಾಕಾ 28, ಉಪಯಂತ್ರ 25. ಎಲ್ಲಕ್ಕಿಂತ ಮುಖ್ಯವಾದ ಯಂತ್ರವು ವೈದ್ಯನ ಕೈಯೇ ಎಂದೂ ಹೇಳುತ್ತದೆ. ಸ್ವಸ್ತಿಕಗಳು ಇಕ್ಕುಳದ ಜಾತಿಯವು. ಸಿಂಹ, ಕಾಗೆ, ಕಂಕಪಕ್ಷಿ ಮೊದಲಾದ ಪ್ರಾಣಿಪಕ್ಷಿಗಳ ಮುಖವನ್ನು ಹೋಲುವ ಬಾಯಿ ಅವಕ್ಕಿರುತ್ತದೆ. ಇಲ್ಲಿ ಪ್ರಾಣಿಯು ಉಪಮಾನ ಮಾತ್ರ, ವಸ್ತು ಲೋಹ. ಇದರಲ್ಲಿ ಅಹಿಂಸೆಯ ಪ್ರಶ್ನೆ ಏಳುವುದಿಲ್ಲ.

ಶರೀರಕ್ಕೆ ಹೊರಗಿನಿಂದ ಮಾಡುವ ಉಪಚಾರಗಳಲ್ಲಿ ಸ್ವೇದನವು ಪ್ರಧಾನವಾದುದು. ಚರಕಸಂಹಿತೆಯು ಅಗ್ನಿಸಹಿತವಾದ ಸ್ವೇದವನ್ನು 13 ವಿಧವಾಗಿ ವಿಂಗಡಿಸಿದೆ. ಕಾದ ಕಲ್ಲುಹಾಸಿನ ಮೇಲೆ ಮಲಗಿಸುವ ಅಶ್ಮಘನ, ಬೆವರಿಸುವುದಕ್ಕೆಂದೇ ಕಟ್ಟಿದ ಜೇಂತಾಕಗೃಹ, ಮದ್ದಿನ ಆವಿಯನ್ನು ಕೊಳವೆಯಿಂದ ಹಾಯಿಸುವ ನಾಡೀಸ್ವೇದ ಇವು ಅವುಗಳಲ್ಲಿ ಕೆಲವು. ಇಲ್ಲಿ ಬೆಂಕಿ ನೀರುಗಳ ಆರಂಭವುಂಟು. ಸ್ಥಾವರಜೀವಗಳ ಆ ಹಿಂಸೆಯು ಗೃಹಸ್ಥನಿಗೆ ಅಡುಗೆಮನೆಯಲ್ಲಿಯೂ ಅನಿವಾರ್ಯ. ಆದಕಾರಣ ಶ್ರಾವಕವೈದ್ಯನಿಗೆ ಇದು ಬಾಧಕವಲ್ಲ.

ಕಷ್ಟ ಬರುವುದು ರಕ್ತಮೋಕ್ಷಣ ಮತ್ತು ಬಸ್ತಿಕರ್ಮಗಳಲ್ಲಿ. ವಾತದೂಷಿತ ರಕ್ತವನ್ನು ಕೊಂಬಿನಿಂದ, ಪಿತ್ತದೂಷಿತವನ್ನು ಜಿಗಣೆಯಿಂದ, ಕಫದೂಷಿತವನ್ನು ಸೋರೆಬುರುಡೆಯಿಂದ ಸೆಳೆಯಬೇಕೆಂದು ಸುಶ್ರುತನ ವಿಧಿ. ಬಸ್ತಿಯ ಚೀಲವಾದರೋ ಎತ್ತು, ಎಮ್ಮೆ, ಮೇಕೆ ಮುಂತಾದ ಪ್ರಾಣಿಗಳ ಮೂತ್ರಾಶಯ. ಆ ಕರ್ಮಕ್ಕೆ ಬಸ್ತಿಯೆಂಬ ಹೆಸರೇ ಅದರಿಂದ ಬಂದಿದೆ. ಅದು ದೊರೆಯದಿದ್ದಲ್ಲಿ ಬಳಸಬಹುದಾದವುಗಳಲ್ಲಿ ದಪ್ಪ ಬಟ್ಟೆಯನ್ನೂ ಚರಕನು ಹೇಳಿರುವುದು ಗಮನಾರ್ಹ. ಸೋರೆಬುರುಡೆ ವನಸ್ಪತಿ, ಜಿಗಣೆ ದ್ವೀಂದ್ರಿಯ, ಮೂತ್ರಾಶಯ ಪಂಚೇಂದ್ರಿಯದ ಅಂಗ. ನಮ್ಮ ಆಗಮದ ಜೀವಶ್ರೇಣಿಯೇ ವೈದ್ಯನ ಉಪಕರಣಗಳಲ್ಲಿ ಸಾಲಾಗಿ ನಿಂತಿದೆ ಎನ್ನಬಹುದು.

ಉಗ್ರಾದಿತ್ಯರು ಇಲ್ಲಿ ಏನು ಮಾಡಿದರು? ಕ್ಷಾರ, ಅಗ್ನಿ, ಶಸ್ತ್ರಕರ್ಮಗಳನ್ನು ನಿರೂಪಿಸುವ ಭಾಗದಲ್ಲಿ ಅವರು ಜಿಗಣೆಯನ್ನು ಬಿಟ್ಟಿಲ್ಲ. ಜಲೌಕ ಶಬ್ದದ ನಿರುಕ್ತಿ, ಸವಿಷ ನಿರ್ವಿಷ ಭೇದ, ಕಚ್ಚಿಸುವ ಕ್ರಮ ಇವನ್ನೆಲ್ಲ ವಿವರಿಸಿದ್ದಾರೆ. ಮಾಂಸವನ್ನು ಅಷ್ಟು ನಿಷ್ಠುರವಾಗಿ ಖಂಡಿಸಿದ ಆಚಾರ್ಯರೇ ದ್ವೀಂದ್ರಿಯ ಜೀವವನ್ನು ಚಿಕಿತ್ಸೆಗೆ ನಿಯೋಜಿಸಿದ್ದಾರೆ. ಸರ್ವಥಾ ಹಿಂಸಾರಹಿತವೆಂಬ ಪ್ರಶಂಸೆ ಇಲ್ಲಿ ನಿಲ್ಲುವುದಿಲ್ಲ. ಹಾಗೆಂದು ಇದು ಅನುಕರಣದಲ್ಲಿ ನುಸುಳಿದ ದೋಷವೆನ್ನುವುದೂ ಸಾಧುವಲ್ಲ. ಪರಂಪರೆಯಿಂದ ಬಂದ ಮಾಂಸೌಷಧವನ್ನು ಆರಿಸಿ ಹೊರಗಿಟ್ಟವರಿಗೆ ಜಿಗಣೆ ಕಾಣದೆ ಉಳಿಯಿತೆಂದು ನಂಬುವುದು ಹೇಗೆ? ಅವರು ಎಳೆದ ಗೆರೆ ಬೇರೆಡೆ ಇದೆ ಎಂಬುದೇ ನಮ್ಮ ಅಭಿಪ್ರಾಯ.

ಆ ಗೆರೆಯನ್ನು ಗುರುತಿಸಲು ಸರ್ವಾರ್ಥಸಿದ್ಧಿಯ ಒಂದು ದೃಷ್ಟಾಂತ ಸಹಾಯಕವಾಗುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯದ ಆಸ್ರವವನ್ನು ವಿವರಿಸುವಾಗ ಪೂಜ್ಯಪಾದರು ವೈದ್ಯನೊಬ್ಬನ ಮಾತನ್ನೆತ್ತುತ್ತಾರೆ. ಪರಮಕರುಣೆಯುಳ್ಳವನೂ ನಿಃಶಲ್ಯನೂ ಆದ ವೈದ್ಯನು ಸಂಯತನೊಬ್ಬನ ಗಡ್ಡೆಯನ್ನು ಸೀಳಿದಾಗ ನೋವಾಗುವುದು ದಿಟ. ಆದರೆ ಆ ಬಾಹ್ಯನಿಮಿತ್ತ ಮಾತ್ರದಿಂದ ಅವನಿಗೆ ಪಾಪಬಂಧವಿಲ್ಲ ಎಂಬುದು ಅದರ ತಾತ್ಪರ್ಯ. ಶಲ್ಯವನ್ನು ಕೀಳುವವನು ತಾನು ನಿಃಶಲ್ಯನಾಗಿರಬೇಕು! ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ತ್ರಿಶಲ್ಯಗಳ ಪರಿಭಾಷೆಯನ್ನು ಬಲ್ಲವರಿಗೆ ಈ ವಿಶೇಷಣದ ಔಚಿತ್ಯ ತಿಳಿಯದೆ ಇರದು. ಶಾಲಾಕ್ಯತಂತ್ರದ ಕರ್ತೃವೆಂದು ಸ್ಮೃತರಾದ ಪೂಜ್ಯಪಾದರೂ ಈ ವೃತ್ತಿಕಾರರೂ ಒಬ್ಬರೇ ಎಂಬ ಪರಂಪರಾಗತ ನಂಬಿಕೆಯನ್ನು ಒಪ್ಪಿದರೂ ಬಿಟ್ಟರೂ ದೃಷ್ಟಾಂತದ ಬಲ ಕಡಮೆಯಾಗುವುದಿಲ್ಲ.

ಆದರೆ ಒಂದು ಮಾತು. ಈ ದೃಷ್ಟಾಂತವು ಶಸ್ತ್ರವನ್ನು ಸಮರ್ಥಿಸುತ್ತದೆ, ಜಿಗಣೆಯನ್ನಲ್ಲ. ಅಲ್ಲಿ ನೋವುಣ್ಣುವವನೇ ಗುಣ ಹೊಂದುವವನು; ಇಲ್ಲಿ ಜಿಗಣೆಗೆ ದೊರೆಯುವ ಲಾಭವೇನು? ಇದಕ್ಕೆ ಉತ್ತರವನ್ನು ಉಪಚಾರವಿಧಿಯಲ್ಲಿಯೇ ಹುಡುಕಬೇಕು. ರಕ್ತ ಹೀರಿದ ಜಿಗಣೆಯನ್ನು ವಾಂತಿಮಾಡಿಸಬೇಕು, ನೀರಿನಲ್ಲಿ ಬಿಟ್ಟು ಚುರುಕಾಗಿ ಚಲಿಸುವುದೋ ಎಂದು ನೋಡಬೇಕು, ಸರಿಯಾಗಿ ವಾಂತಿಯಾಗದಿದ್ದರೆ ಅದಕ್ಕೆ ಇಂದ್ರಮದವೆಂಬ ಅಸಾಧ್ಯರೋಗ ಬರುತ್ತದೆ ಎನ್ನುತ್ತದೆ ಸುಶ್ರುತಸಂಹಿತೆ. ರಕ್ತಮದವಾಗದಂತೆ ಕಾಪಾಡಿ ಏಳು ದಿನ ಅದನ್ನು ಮತ್ತೆ ಬಳಸಬಾರದೆನ್ನುತ್ತದೆ ಅಷ್ಟಾಂಗಹೃದಯ. ಈ ಪರಂಪರೆಯಲ್ಲಿ ಜಿಗಣೆಯು ಸಾಕುವ ಜೀವ, ಕೊಲ್ಲುವ ಜೀವವಲ್ಲ. ಕೊಂದು ಪಡೆಯುವುದು ವರ್ಜ್ಯ, ಉಳಿಸಿಕೊಂಡು ದುಡಿಸುವುದು ಗೃಹಸ್ಥನಿಗೆ ಕ್ಷಮ್ಯ ಎಂಬ ಗೆರೆಯನ್ನು ಉಗ್ರಾದಿತ್ಯರು ಎಳೆದಿರಬೇಕೆಂದು ನಾವು ಊಹಿಸುತ್ತೇವೆ. ಇದು ಊಹೆಯೇ; ಗ್ರಂಥಕಾರರ ಕಂಠೋಕ್ತಿಯಲ್ಲ.

ಈ ಪರಂಪರೆಯನ್ನು ಇಂದಿನ ಪದ್ಧತಿಯೊಡನೆ ಹೋಲಿಸಬಹುದು. ಜೋಡಿಸಿದ ಅಂಗಗಳಲ್ಲಿ ರಕ್ತ ಕಟ್ಟಿಕೊಂಡಾಗ ಆಧುನಿಕ ಶಸ್ತ್ರವೈದ್ಯರು ಜಿಗಣೆಯನ್ನು ಬಳಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2004ರಲ್ಲಿ ಅದಕ್ಕೆ ವೈದ್ಯಕೀಯ ಸಾಧನವೆಂದು ಮನ್ನಣೆಯಿತ್ತಿತು. ಅಲ್ಲಿ ಒಬ್ಬ ರೋಗಿಗೆ ಬಳಸಿದ ಜಿಗಣೆಯನ್ನು ಸೋಂಕಿನ ಭಯದಿಂದ ಕೊಂದು ವಿಸರ್ಜಿಸುತ್ತಾರೆ. ಭಯಕ್ಕೆ ಕಾರಣವುಂಟು, ಅಲ್ಲಗಳೆಯಲಾಗದು. ಆದರೆ ನಮ್ಮ ಗ್ರಂಥದ ಬಲದಿಂದ ಆ ಚಿಕಿತ್ಸೆಯನ್ನು ಅಹಿಂಸಾತ್ಮಕವೆಂದು ಕೊಂಡಾಡುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಕೊನೆಯದಾಗಿ ಹಸ್ತಪ್ರತಿಕಾರರಿಗೆ ಎರಡು ಸೂಚನೆಗಳು. ಮೊದಲನೆಯದು, ಪ್ರಾಚೀನ ಉಪಕರಣಗಳ ಚಿತ್ರಗಳನ್ನು ಕುರಿತದ್ದು. 1896ರ ಭಗವತ್ ಸಿಂಹಜಿಯವರ ಗ್ರಂಥದಲ್ಲಿಯೂ 1913-14ರ ಗಿರೀಂದ್ರನಾಥ ಮುಖೋಪಾಧ್ಯಾಯರ ಗ್ರಂಥದಲ್ಲಿಯೂ ಇರುವಂತಹ ಚಿತ್ರಗಳು ವಿದ್ವಾಂಸರ ಊಹಾರಚನೆಗಳು. ಅವನ್ನು ಮೂಲದ ಸಾಕ್ಷ್ಯವೆಂದು ತೆಗೆದುಕೊಳ್ಳಲಾಗದು. ಉಪಕರಣವು ನಮಗೆ ಉಳಿದಿರುವುದು ಹೆಸರು, ಅಂಗುಲಪ್ರಮಾಣ, ಹೋಲಿಕೆಗಳೆಂಬ ಮೂರು ಮಾತುಗಳಲ್ಲಿ. ಓಲೆಯಲ್ಲಿ ಒಂದು ಸೊನ್ನೆ ಅಳಿಸಿದರೆ ಕಂಕಮುಖವು ಕೊಕ್ಕನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಪಾಠಾಂತರಗಳನ್ನು ಒಂದನ್ನೂ ಬಿಡದೆ ಕೊಡಬೇಕು.

ಎರಡನೆಯದು ಇನ್ನೂ ಮುಖ್ಯವಾದುದು. ಜಿಗಣೆಯ ಶ್ಲೋಕಗಳು ಪ್ರಕ್ಷಿಪ್ತವಾಗಿರಬಹುದೆಂಬ ಮಾತನ್ನು ಗೋಷ್ಠಿಗಳಲ್ಲಿ ಕೇಳಿದ್ದೇವೆ. ಪ್ರಕ್ಷೇಪವನ್ನು ಪ್ರತಿಗಳಿಂದ ಸಾಧಿಸಬೇಕೇ ಹೊರತು ನಮ್ಮ ಸಂಕೋಚದಿಂದಲ್ಲ. ನಮಗೆ ರುಚಿಸದ ಶ್ಲೋಕವನ್ನು ಕಿತ್ತೆಸೆದು ಶುದ್ಧಗೊಳಿಸಿದ ಗ್ರಂಥವು ಉಗ್ರಾದಿತ್ಯರದಾಗಿ ಉಳಿಯುವುದಿಲ್ಲ. ಆಚಾರ್ಯರು ತೊಡಕನ್ನು ಮರೆಮಾಡದೆ ಬರೆದರು. ಅದನ್ನು ಮರೆಮಾಡದೆ ಓದುವುದು ನಮ್ಮ ಸ್ವಾಧ್ಯಾಯ.