ಎರಡು ಮೂಲ, ಒಂದು ಹೆದ್ದಾರಿ

ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗರೂರಿನಲ್ಲಿ ಹುಟ್ಟಿ ನಮ್ಮ ಅಂಕೋಲಾದಲ್ಲಿ ಮುಗಿಯುತ್ತದೆ. ಅದರ ಕೊನೆಯ ತುಂಡು ನನಗೆ ತೀರಾ ಸ್ವಂತದ್ದು. ನನ್ನ ಹಿರಿಯರ ಮನೆ ಯಲ್ಲಾಪುರ ಸೀಮೆಯ ಅಡಿಕೆ ತೋಟದ ಪಕ್ಕ, ಹೆಂಡತಿಯ ಹಿರಿಯರದು ಬಾದಾಮಿ ತಾಲೂಕಿನ ಎರೆಹೊಲಗಳ ಊರು. ಯಲ್ಲಾಪುರದಿಂದ ಕಲಘಟಗಿ, ಹುಬ್ಬಳ್ಳಿ, ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಿನವರೆಗೆ ಇದೇ ರಸ್ತೆ. ಅಲ್ಲಿ ಒಳಕ್ಕೆ ತಿರುಗಿದರೆ ಬಾದಾಮಿ. ಎಲ್ಲ ಸೇರಿ 175 ಕಿ.ಮೀ. ಆಸುಪಾಸು.

ಗಂಡ ಹೆಂಡತಿ ಇಬ್ಬರ ಮೂಲದ ಊರುಗಳನ್ನೂ ಸೇರಿಸಿ ಕಾರು ಪ್ರವಾಸ ಹಾಕಿಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಹೆಚ್ಚಿನವರ ಯೋಜನೆಯಲ್ಲಿ ಒಂದು ಊರಿನಲ್ಲಿ ನಾಲ್ಕು ದಿನ, ಇನ್ನೊಂದರಲ್ಲಿ ಒಂದು ಊಟ ಇರುತ್ತದೆ. ನಡುವಿನ ದಾರಿಯನ್ನಂತೂ ಕಣ್ಣುಮುಚ್ಚಿ ಓಡಿಸಿಬಿಡುತ್ತಾರೆ. ನನ್ನ ವಾದ ಸರಳ: ಎರಡೂ ಊರಿಗೆ ಸಮ ಸಮ ರಾತ್ರಿಗಳು, ನಡುವಿನ ದಾರಿಗೆ ಇಡೀ ಒಂದು ಹಗಲು. ಆ ಹಗಲಿನಲ್ಲೇ ಪ್ರವಾಸದ ತಿರುಳಿದೆ.

ಮೊದಲು ತಿಂಗಳು ಗೊತ್ತುಮಾಡಿ. ನಾನು ಜನವರಿ ಬಿಟ್ಟು ಬೇರೆ ಹೇಳುವುದಿಲ್ಲ. ಯಲ್ಲಾಪುರದ ಕಡೆ ಅಡಿಕೆಯ ಕೊನೆಕೊಯ್ಲು ನಡೆದಿರುತ್ತದೆ, ಅಂಗಳದ ತುಂಬ ಅಡಿಕೆ ಹರವಿರುತ್ತದೆ, ಆಲೆಮನೆಗಳು ಶುರುವಾಗಿರುತ್ತವೆ. ಬಾದಾಮಿಯ ಕಡೆ ಹಿಂಗಾರಿ ಜೋಳ ತೆನೆ ತುಂಬಿ ಸೀತನಿಗೆ, ಅಂದರೆ ಎಳೆಕಾಳನ್ನು ಸುಟ್ಟು ತಿನ್ನುವ ಹದಕ್ಕೆ, ಬಂದಿರುತ್ತದೆ. ಬನಶಂಕರಿಯ ಜಾತ್ರೆಯೂ ಸಾಮಾನ್ಯವಾಗಿ ಅದೇ ಹೊತ್ತಿಗೆ, ಬನದ ಹುಣ್ಣಿಮೆಗೆ. ಮಳೆಗಾಲದಲ್ಲಿ ಹಸಿರು ಚೆಂದ, ನಿಜ. ಆದರೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತು. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿಯಿತು, ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟಗಳೇ ಜಾರಿಹೋದವು. ಆ ತಿಂಗಳುಗಳಲ್ಲಿ ಊರಿನವರಿಗೆ ತಮ್ಮ ಚಿಂತೆಯೇ ಸಾಕಷ್ಟಿರುತ್ತದೆ. ಅತಿಥಿಗಳಾಗಿ ಹೋಗುವುದು ಸರಿಯಲ್ಲ.

ಹೊರಡುವುದು ಬೆಂಗಳೂರಿನಿಂದಾದರೆ ಒಂದೇ ಓಟದಲ್ಲಿ ಯಲ್ಲಾಪುರ ಮುಟ್ಟುವ ಹಟ ಬೇಡ. 340 ಕಿ.ಮೀ.ಗೆ ಹಾವೇರಿ ಸಿಗುತ್ತದೆ, ಅಲ್ಲಿ ತಂಗಿ. ಸಂಜೆ ಸಿದ್ಧೇಶ್ವರ ಗುಡಿ ನೋಡಿ. ಹಿರಿಯರಿಗೆ ಹಾಕಲು ಹಾವೇರಿಯ ಏಲಕ್ಕಿ ಹಾರ ಕೊಳ್ಳಿ, ಎರಡೂ ಮನೆಗೆ ಒಂದೊಂದು. ಬೆಳಿಗ್ಗೆ ಬಂಕಾಪುರದ ಹತ್ತಿರ ಹೆದ್ದಾರಿ ಬಿಟ್ಟು ಮುಂಡಗೋಡದ ಮೇಲೆ ಯಲ್ಲಾಪುರಕ್ಕೆ ಹೋದರೆ ಕಾಡು ಒಮ್ಮೆಲೇ ಎದುರಾಗದೆ ನಿಧಾನಕ್ಕೆ ದಟ್ಟವಾಗುತ್ತ ಬರುತ್ತದೆ.

ಯಲ್ಲಾಪುರದ ಕಡೆಯ ಹಳ್ಳಿ ಅಂದರೆ ಸಾಲುಮನೆಗಳಲ್ಲ. ಒಂದೊಂದು ಕಣಿವೆಯಲ್ಲಿ ಒಂದೊಂದು ಮನೆ, ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಡಾಂಬರು ಬಿಟ್ಟ ಮೇಲೆ ಮಣ್ಣಿನ ಇಳಿಜಾರು, ಹೇರ್‌ಪಿನ್ ತಿರುವು, ಹಳ್ಳಕ್ಕೊಂದು ಸಂಕ. ಮೊಬೈಲ್ ನಕಾಶೆ ಅರ್ಧ ದಾರಿಯಲ್ಲಿ ಕೈಬಿಡುತ್ತದೆ, ಸಿಗ್ನಲ್ಲೂ ಹೋಗುತ್ತದೆ. ಹಾಗಾಗಿ ಡಾಂಬರು ರಸ್ತೆಯಲ್ಲಿರುವಾಗಲೇ ಮನೆಗೆ ಫೋನು ಮಾಡಿ, ಯಾವ ತಿರುವಿನಲ್ಲಿ ಯಾವ ಮರ ಎಂದು ಕೇಳಿ ಬರೆದುಕೊಳ್ಳಿ. ದೊಡ್ಡ ಕಾರು ಬೇಡ. ತಳ ಸ್ವಲ್ಪ ಎತ್ತರವಿರುವ ಸಣ್ಣ ಕಾರು ಸಾಕು, ಸ್ಟೆಪ್ನಿಯಲ್ಲಿ ಗಾಳಿ ಇರಲಿ. ಇಳಿಯುವಾಗ ಮೊದಲ ಗೇರು, ಬ್ರೇಕಿನ ಮೇಲೆ ಕಾಲು ಒತ್ತಿಯೇ ಇಡಬೇಡಿ. ಕತ್ತಲಾಗುವುದರೊಳಗೆ ಅಂಗಳ ಸೇರಬೇಕು. ಇದೊಂದು ನಿಯಮವನ್ನು ನಾನು ಯಾರಿಗೂ ಸಡಿಲಿಸುವುದಿಲ್ಲ.

ಕಾಲು ತೊಳೆದು ಜಗಲಿ ಹತ್ತುತ್ತಲೇ ಆಸರಿಗೇನು ಬೇಕು ಎನ್ನುತ್ತಾರೆ. ಮಜ್ಜಿಗೆಯೋ ಕಷಾಯವೋ ಹೇಳಿ. ಅಲ್ಲಿಂದ ಮುಂದೆ ನಿಮ್ಮ ಪಟ್ಟಿಯಲ್ಲಿರುವ ಜಲಪಾತಗಳನ್ನು ಸ್ವಲ್ಪ ಮರೆಯಿರಿ. ಬೇಡ್ತಿ ಧುಮುಕುವ ಮಾಗೋಡು, ಹತ್ತಿರದ ಜೇನುಕಲ್ಲು ಗುಡ್ಡದ ಸೂರ್ಯಾಸ್ತ ಒಂದು ಸಂಜೆಗೆ ಧಾರಾಳ ಸಾಕು. ಉಳಿದ ಸಂಜೆಗಳು ಅಡಿಕೆ ಸುಲಿತಕ್ಕೆ. ಮೆಟ್ಟುಗತ್ತಿಯ ಮೇಲೆ ಕೂತು ಕೈ ಕೆಲಸ ಮಾಡುತ್ತಿರುವಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾವ ಅಜ್ಜ ಯಾವ ಊರಿನಿಂದ ಬಂದು ಈ ತೋಟ ಮಾಡಿದ, ಯಾವ ವರ್ಷ ಹಿಸೆಯಾಯಿತು, ಯಾರು ಘಟ್ಟ ಇಳಿದು ಹೋದರು, ಎಲ್ಲವೂ ಅಲ್ಲಿ ಹೊರಬೀಳುತ್ತದೆ. ಎದುರಿಗೆ ಕೂತು ಪ್ರಶ್ನೆ ಕೇಳಿದರೆ ಮೂರು ವಾಕ್ಯದಲ್ಲಿ ಮುಗಿಸುವ ದೊಡ್ಡಪ್ಪ, ಸುಲಿತದ ಹೊತ್ತಿಗೆ ಮೂರು ತಲೆಮಾರು ಹೇಳುತ್ತಾರೆ. ಆಲೆಮನೆಯ ಕಬ್ಬಿನ ಹಾಲು ಮನೆಗೆ ಬಂದರೆ ಮಗುಚಿದ ಮಡಕೆಯ ಮೇಲೆ ತೊಡದೇವು ಎರೆಯುವುದನ್ನು ಪಕ್ಕದಲ್ಲೇ ನಿಂತು ನೋಡಬೇಕು. ಕಾಗದಕ್ಕಿಂತ ತೆಳ್ಳಗಿನ ಆ ಹಾಳೆಯನ್ನು ಹರಿಯದಂತೆ ಎಬ್ಬಿಸುವ ಕೈಗಳು ಒಂದೊಂದು ಮನೆಯಲ್ಲಿ ಈಗ ಒಂದೋ ಎರಡೋ ಉಳಿದಿವೆ.

ಸ್ವಂತ ಕಾರಿನ ನಿಜವಾದ ಉಪಯೋಗವೂ ಇಲ್ಲೇ ತಿಳಿಯುವುದು. ಸಾಮಾನೆಲ್ಲ ಡಿಕ್ಕಿಗೆ ಹಾಕಿ, ಹಿಂದಿನ ಸೀಟು ಪೂರ್ತಿ ಖಾಲಿ ಇರಲಿ. ಅದು ಹಿರಿಯರಿಗೆ. ವರ್ಷಗಳಿಂದ ತಂಗಿಯ ಮನೆಗೆ ಹೋಗಲಾಗದ ದೊಡ್ಡಮ್ಮ, ಹಳೆಯ ಮನೆಯ ಪಾಯ ಎಲ್ಲಿತ್ತು ಎಂದು ತೋರಿಸಬಲ್ಲ ಚಿಕ್ಕಪ್ಪ ಕೂತರೆ, ಯಾವ ನಕಾಶೆಯಲ್ಲೂ ಇಲ್ಲದ ಜಾಗಗಳಿಗೆ ನಿಮ್ಮ ಕಾರು ಹೋಗುತ್ತದೆ.

ಇನ್ನು ನಡುವಿನ ಹಗಲು. ಬೆಳಿಗ್ಗೆ ಏಳಕ್ಕೆ ಯಲ್ಲಾಪುರ ಬಿಡಿ. ಕಾಡು ಕಿರುವತ್ತಿಯ ಕಡೆಗೆ ತೆಳುವಾಗುತ್ತದೆ, ಕಲಘಟಗಿಯಲ್ಲಿ ಬಯಲು ತೆರೆಯುತ್ತದೆ. ಹುಬ್ಬಳ್ಳಿ ಧಾರವಾಡದ ನೆತ್ತಿಯೇ ನೀರು ಕವಲೊಡೆಯುವ ಜಾಗ. ಪಶ್ಚಿಮದ ನೀರು ಬೇಡ್ತಿಯಾಗಿ, ಮುಂದೆ ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ. ಪೂರ್ವದ ನೀರು ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ. ಹುಬ್ಬಳ್ಳಿ ದಾಟಿದ ಮೇಲೆ ಮರಗಳು ವಿರಳ, ಮಣ್ಣು ಕಪ್ಪು, ಕಣ್ಣು ಹರಿದಷ್ಟೂ ಕಡಲೆ, ಕುಸುಬೆ, ಜೋಳ. ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಕೂಡ ಇಲ್ಲ. ಯಲ್ಲಾಪುರದಲ್ಲಿ ಅದರ ಮೂರು ನಾಲ್ಕು ಪಟ್ಟು. ಒಂದು ಮನೆಯಲ್ಲಿ ಅನ್ನ ತಂಬುಳಿ, ಇನ್ನೊಂದರಲ್ಲಿ ರೊಟ್ಟಿ ಪುಂಡಿಪಲ್ಲೆ ಏಕೆ, ಒಂದು ಮನೆಗೆ ಇಳಿಜಾರು ಹೆಂಚು, ಇನ್ನೊಂದಕ್ಕೆ ಸಮತಟ್ಟು ಮಣ್ಣಿನ ಮಾಳಿಗೆ ಏಕೆ, ನಮ್ಮವರು ನೀರನ್ನು ಲೆಕ್ಕವಿಡದೆ ಸುರಿದರೆ ಅತ್ತೆಯ ಮನೆಯಲ್ಲಿ ತಂಬಿಗೆ ನೋಡಿ ತುಂಬುವುದೇಕೆ, ಇದನ್ನೆಲ್ಲ ಕಿಟಕಿಯೇ ವಿವರಿಸುತ್ತದೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಈ ರಸ್ತೆಯಲ್ಲಿ ಒಮ್ಮೆ ಹಗಲಿನಲ್ಲಿ ಹೋಗಿಬಂದರೆ ಎಷ್ಟೋ ವಾದಗಳು ಹುಟ್ಟುವುದೇ ಇಲ್ಲ ಎಂದು ನಾನು ನಂಬುತ್ತೇನೆ.

ನವಲಗುಂದದಲ್ಲಿ ನಿಲ್ಲಿ. ಅಲ್ಲಿ ಹೆಂಗಸರು ನೇಯುವ ಜಮಖಾನ ನೋಡಿ, ಸಾಧ್ಯವಾದರೆ ಕೊಳ್ಳಿ. ಇದೇ ನವಲಗುಂದ ನರಗುಂದಗಳಲ್ಲಿ 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು, ಪ್ರಾಣಗಳು ಹೋದವು. ಆ ಹುತಾತ್ಮರ ಸ್ಮಾರಕದ ಮುಂದೆ ಐದು ನಿಮಿಷ ನಿಲ್ಲದೆ ಹೋಗಬಾರದು. ಮಾವನವರ ಮನೆಯಲ್ಲಿ ಕಾಲುವೆಯ ನೀರಿನ ಮಾತು ಬಂದಾಗ ದನಿ ಏಕೆ ಏರುತ್ತದೆ ಎಂಬುದು ಆಗ ಅರ್ಥವಾಗುತ್ತದೆ. ಬಯಲಿನ ನಡುವೆ ಎದ್ದು ನಿಂತ ನರಗುಂದದ ಗುಡ್ಡ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬ ಭಾವೆಯ ಬಂಡಾಯದ ನೆಲೆ. ಅದನ್ನು ಹತ್ತಲು ಹೊತ್ತಿಲ್ಲದಿದ್ದರೂ ಕಾರು ನಿಲ್ಲಿಸಿ ನೋಡಿ.

ಬಾದಾಮಿ ಸೀಮೆಯ ಊರಿಗೆ ರಸ್ತೆ ಸಲೀಸು, ಆದರೆ ಓಣಿಯಲ್ಲಿ ಕಾರು ಹಿಡಿಯುವುದಿಲ್ಲ. ಅಗಸಿಯ ಹತ್ತಿರವೋ ಹನಮಪ್ಪನ ಗುಡಿಯ ಮುಂದೋ ಬಿಟ್ಟು ನಡೆಯಿರಿ. ಆ ನಡಿಗೆಯಲ್ಲಿ ಕಟ್ಟೆಯ ಮೇಲಿನವರೆಲ್ಲ ‘ಯಾರ ಮನಿ ಅಳಿಯಾರ್ರೀ?’ ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಉತ್ತರ ಕೊಡಿ, ಅವಸರ ಬೇಡ. ಅರ್ಧ ಗಂಟೆಯಲ್ಲಿ ನಿಮ್ಮ ಬರವು ಊರಿಗೆಲ್ಲ ಗೊತ್ತಾಗಿರುತ್ತದೆ, ಸೋದರಮಾವಂದಿರು ಹೊಲದಿಂದ ಸೀತನಿ ತೆನೆ ತಂದಿರುತ್ತಾರೆ. ಸುಟ್ಟು ಉಜ್ಜಿದ ಆ ಕಾಳಿಗೆ ಶೇಂಗಾ ಹಿಂಡಿ ಇಲ್ಲವೇ ಬೆಲ್ಲ ಇದ್ದರೆ ಬೇರೆ ತಿಂಡಿ ಬೇಕಿಲ್ಲ.

ಈ ಕಡೆ ವಂಶದ ಕಥೆ ಕೇಳಲು ಇನ್ನೊಂದು ದಾರಿಯಿದೆ: ಹೆಳವರು. ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಬಂದು, ಒಂದೊಂದು ಮನೆತನದ ಮೂಲವನ್ನು ತಲೆಮಾರು ತಲೆಮಾರಾಗಿ ಹೇಳಿ ಕಾಳು ಪಡೆದು ಹೋಗುವವರು. ನಿಮ್ಮ ಮನೆತನದ ಹೆಳವರು ಯಾರು, ಯಾವ ತಿಂಗಳು ಬರುತ್ತಾರೆ ಎಂದು ಮನೆಯವರನ್ನು ಮೊದಲೇ ವಿಚಾರಿಸಿ. ಅವರು ಬರುವ ದಿನ ನಿಮ್ಮ ದಿನಕ್ಕೆ ಕೂಡಿಬಂದರೆ ಬಾದಾಮಿಯ ಗುಹೆ ನೋಡುವುದನ್ನು ಮರುದಿನಕ್ಕೆ ಹಾಕಿ. ಚಾಲುಕ್ಯ ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆ ಎಲ್ಲಿಗೂ ಹೋಗುವುದಿಲ್ಲ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನಕ್ಕೆ ತುರುಕುವುದು ನನಗೆ ಸಮ್ಮತವಿಲ್ಲ. ಒಂದನ್ನೇ ಆರಿಸಿ, ಅತ್ತೆ ಮಾವನವರನ್ನು ಕೂರಿಸಿಕೊಂಡು ಹೋಗಿ. ಪಕ್ಕದ ಊರಿನಲ್ಲಿ ಹುಟ್ಟಿ ಬೆಳೆದರೂ ಪಟ್ಟದಕಲ್ಲನ್ನು ಕೆಲಸದ ನಡುವೆ ಬಿಡುವು ಮಾಡಿಕೊಂಡು ನೋಡದವರು ಎಷ್ಟೋ ಜನರಿದ್ದಾರೆ. ಜಾತ್ರೆಯ ಹೊತ್ತಾದರೆ ಬಾದಾಮಿಯ ವಸತಿಗೃಹಗಳು ತುಂಬಿರುತ್ತವೆ, ನೆಂಟರ ಮನೆಯೇ ಗತಿ. ಅದೇ ಒಳ್ಳೆಯದು ಕೂಡ. ಬನಶಂಕರಿಯಲ್ಲಿ ನಾಟಕ ಕಂಪನಿಗಳು ಬೀಡುಬಿಟ್ಟಿರುತ್ತವೆ. ಮನೆಮಂದಿಯೊಡನೆ ರಾತ್ರಿ ಒಂದು ನಾಟಕ ನೋಡಿ ಬನ್ನಿ.

ಎಲ್ಲರ ಮೂಲವೂ ಈಗ ನೆಲದ ಮೇಲಿಲ್ಲ. ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಆಲಮಟ್ಟಿಯ ಹಿನ್ನೀರಿನಲ್ಲಿವೆ, ಹಳೆಯ ಬಾಗಲಕೋಟೆಯ ಒಂದು ಭಾಗವೂ ಹಾಗೆಯೇ. ಯಲ್ಲಾಪುರ ತಾಲೂಕಿನಲ್ಲಿ ಕಾಳಿ ನದಿಯ ಕೊಡಸಳ್ಳಿ ಅಣೆಕಟ್ಟೆ ತೋಟ ಮನೆಗಳನ್ನು ಮುಳುಗಿಸಿತು. ಅಂಥ ಮನೆತನದವರು ‘ನೋಡೋದಕ್ಕೆ ಏನಿದೆ’ ಎಂದು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಪುನರ್ವಸತಿ ಕೇಂದ್ರಕ್ಕೆ ಹೋಗಿ, ಹಳೆಯ ಊರಿನ ದೇವರನ್ನು ಎಲ್ಲಿ ಕೂರಿಸಿದ್ದಾರೆ ಕೇಳಿ, ಯಾರ ಮನೆಯ ಪಕ್ಕ ಯಾರ ಮನೆಯಿತ್ತು ಎಂದು ಬಲ್ಲ ಒಬ್ಬರನ್ನು ಹಿನ್ನೀರಿನ ಅಂಚಿಗೆ ಕರೆದೊಯ್ಯಿರಿ. ಅವರು ಹೇಳಿದ್ದನ್ನು ಕಾಗದದ ಮೇಲೆ ಗೆರೆ ಎಳೆದು ಬರೆದಿಟ್ಟುಕೊಳ್ಳಿ. ಈ ಕೆಲಸಕ್ಕೆ ಉಳಿದಿರುವ ಕಾಲ ಕಡಿಮೆ.

ಮರಳುವಾಗ ಬಂದ ದಾರಿ ಬೇಡ. ಗಜೇಂದ್ರಗಡ, ಕುಷ್ಟಗಿಯ ಮೇಲೆ ಹೆದ್ದಾರಿ 50 ಸೇರಿದರೆ ಹೊಸಪೇಟೆ, ಚಿತ್ರದುರ್ಗ ದಾಟಿ ಬೆಂಗಳೂರು. ಹೊಸಪೇಟೆಯಲ್ಲಿ ಒಂದು ರಾತ್ರಿ ನಿಂತರೆ ಆಯಾಸವಿಲ್ಲ. ಹೋಗುವ ರಾತ್ರಿ, ಬರುವ ರಾತ್ರಿ, ಎರಡೂ ಮನೆಗೆ ಮೂರು ಮೂರು ರಾತ್ರಿ: ಒಂಬತ್ತು ದಿನದ ರಜೆ ಬರೆಯಿರಿ. ಪಂಚಾಂಗದಲ್ಲಿ ಬನದ ಹುಣ್ಣಿಮೆ ಯಾವ ದಿನ ಎಂದು ಮೊದಲು ನೋಡಿ, ಅದರಿಂದ ಹಿಂದಕ್ಕೆ ಎಣಿಸಿ ಯಲ್ಲಾಪುರದ ದಿನ ಗೊತ್ತುಮಾಡಿ. ಆಮೇಲೆ ಎರಡೂ ಮನೆಗೆ ಒಂದೇ ದಿನ ಫೋನು ಮಾಡಿ.